ಹುಟ್ಟಿದ ಕೂಡಲೇ ಮಗಳನ್ನು ಮೂರು ದಿನ ತಣ್ಣಗಿಟ್ಟರು. ಯಾಕೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಮೊದಲಮಗಳಪ್ಪ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಮಗಳಿಗೆ ಈಗ ಐದು ವಾರ. ತಿಂಗಳು ತುಂಬಿಯೇ ಹುಟ್ಟಿದ್ದು. ನೋವು ಶುರುವಾಗಿ ಎಂಟು ಗಂಟೆವರೆಗೂ ಎಲ್ಲ ಸರಿ ಇತ್ತು. ಆಮೇಲೆ ಮಗುವಿನ ಎದೆಬಡಿತ ಇಳಿಯಿತು ಅಂತ ಅವಸರದಲ್ಲಿ ಸಿಸೇರಿಯನ್ ಮಾಡಿದರು. ಮಗು ಅಳಲಿಲ್ಲ. ಹತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಮಾಸ್ಕ್ ಇಟ್ಟು ಉಸಿರು ಕೊಟ್ಟರಂತೆ. ಮೂರು ಗಂಟೆಯೊಳಗೆ ಇನ್ನೊಂದು ಆಸ್ಪತ್ರೆಗೆ ಸಾಗಿಸಿದರು. ಹೆಂಡತಿ ಒಂದು ಕಡೆ, ಮಗು ಒಂದು ಕಡೆ, ನಡುವೆ ಓಡಾಡೋಕೆ ನಾನು.

ಅಲ್ಲಿ ಒಳಗೆ ಬಿಟ್ಟಾಗ ನೋಡಿದೆ. ಮೈಮೇಲೆ ಡೈಪರ್ ಬಿಟ್ಟರೆ ಏನೂ ಇಲ್ಲ. ಕೆಳಗೆ ನೀರು ಹರಿಯುವ ಹಾಸಿಗೆ. ಸ್ಕ್ರೀನ್ ಮೇಲೆ 33.5 ಅಂತ ಇತ್ತು. ಪಾದ ಮುಟ್ಟಿದೆ, ಜೀವ ಝಲ್ ಅಂತು. ಅಷ್ಟು ತಣ್ಣಗೆ. "ಸಿಸ್ಟರ್, ಏನಾದ್ರೂ ಹೊದಿಸಿ" ಅಂದೆ. "ಹೊದಿಸೋ ಹಾಗಿಲ್ಲ ಸರ್, ಈಗ ತಣ್ಣಗಿರೋದೇ ಅವಳಿಗೆ ಔಷಧಿ" ಅಂದರು.

ಡಾಕ್ಟರ್ ಆಗ ಎಲ್ಲ ವಿವರಿಸಿದರು. ಸುಳ್ಳು ಹೇಳಲ್ಲ, ತಲೆಗೆ ಒಂದು ಅಕ್ಷರ ಹೋಗಲಿಲ್ಲ. ಈಗ ಮನೆಗೆ ಬಂದಿದ್ದಾಳೆ, ಹಾಲು ಕುಡಿಯುತ್ತಾಳೆ, ನಿದ್ದೆ ಮಾಡುತ್ತಾಳೆ. ಎಂಆರ್‌ಐನಲ್ಲಿ "ಸಣ್ಣ ಬದಲಾವಣೆ" ಇದೆ ಅಂದಿದ್ದಾರೆ. ಹುಟ್ಟಿದ ಮಗುವನ್ನು ಬೆಚ್ಚಗಿಡಿ ಅಂತ ಎಲ್ಲರೂ ಹೇಳುವಾಗ ಇವಳನ್ನು ಮಾತ್ರ ಯಾಕೆ ತಣ್ಣಗಿಟ್ಟರು? ಇನ್ನು ಮುಂದೆ ನಾವು ಏನು ನೋಡಿಕೊಳ್ಳಬೇಕು?

ರಾತ್ರಿಪಾಳಿ

ಸರ್, ನಾನು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಸಿಸ್ಟರ್, ಹನ್ನೊಂದು ವರ್ಷ ಆಯಿತು. ನೀವು ಹೇಳಿದ ಆ ಪಾದ ನನಗೆ ಚೆನ್ನಾಗಿ ಗೊತ್ತು. ಕೂಲಿಂಗ್‌ನಲ್ಲಿರುವ ಮಗುವಿನ ಅಪ್ಪ ಅಮ್ಮ ಮೊದಲು ಮುಟ್ಟುವುದೇ ಪಾದ. ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಯಾಕೆ ಅನ್ನುವುದನ್ನು ಡಾಕ್ಟರ್ ಯಾರಾದರೂ ಬರೆಯಲಿ. ಆ ಮೂರು ದಿನ ನಾವು ಏನು ಮಾಡುತ್ತೇವೆ ಅಂತ ನಾನು ಹೇಳುತ್ತೇನೆ. ಆ 33.5 ಡಿಗ್ರಿ ಸೆಲ್ಸಿಯಸ್ ಹಾಸಿಗೆಯ ಬಿಸಿಯಲ್ಲ, ಮಗುವಿನ ದೇಹದ ಒಳಗಿನದ್ದು. ಗುದದೊಳಗೆ ಬಿಸಿ ಅಳೆಯುವ ಒಂದು ತೆಳು ಪ್ರೋಬ್ ಇರುತ್ತದೆ. ಅದು ಹೇಳಿದ ಹಾಗೆ ಯಂತ್ರ ನೀರನ್ನು ತಣ್ಣಗೆ, ಬೆಚ್ಚಗೆ ಮಾಡುತ್ತಾ ಹೋಗುತ್ತದೆ. 33ಕ್ಕಿಂತ ಇಳಿಯಬಾರದು, 34 ದಾಟಬಾರದು. 72 ಗಂಟೆ. ಎದೆಬಡಿತ ನೂರರ ಆಸುಪಾಸಿಗೆ ಇಳಿಯುತ್ತದೆ, ತಣ್ಣಗಿರುವಾಗ ಅದು ಸಹಜ. ಹೊಸ ಸಿಸ್ಟರ್‌ಗಳು ಮೊದಲ ಸಲ ನೋಡಿದಾಗ ಗಾಬರಿಯಾಗುತ್ತಾರೆ. ನಾನೂ ಆಗಿದ್ದೆ. ಚಳಿಯ ಸಂಕಟ ಆಗದಿರಲಿ ಅಂತ ಸ್ವಲ್ಪ ಮಾರ್ಫಿನ್ ಕೊಡುವುದುಂಟು. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಯಾಗಿ ತೋರಿಸುವ ಎಇಇಜಿ ವೈರನ್ನು ತಲೆಗೆ ಹಾಕಿರುತ್ತೇವೆ.

ಕೊನೆಗೆ ಬೆಚ್ಚಗೆ ಮಾಡುವುದಿದೆಯಲ್ಲ, ಅದು ಇಳಿಸುವುದಕ್ಕಿಂತ ಹುಷಾರಿನ ಕೆಲಸ. ಗಂಟೆಗೆ ಅರ್ಧ ಡಿಗ್ರಿಗಿಂತ ಜಾಸ್ತಿ ಏರಿಸುವುದಿಲ್ಲ. ಅವಸರ ಮಾಡಿದರೆ ಬಿಪಿ ಬೀಳಬಹುದು, ಫಿಟ್ಸ್ ಬರಬಹುದು. ನನ್ನ ಇಡೀ ಪಾಳಿ ಒಂದೇ ಮಗುವಿನ ಪಕ್ಕ ಹೀಗೆ ಅರ್ಧರ್ಧ ಡಿಗ್ರಿ ಎಣಿಸುತ್ತಾ ಕಳೆದಿದ್ದಿದೆ.

ಒಂದು ಮಾತು ಮರೆಯುವ ಮೊದಲೇ ಹೇಳಿಬಿಡುತ್ತೇನೆ. ಬೆನ್ನು, ಭುಜ, ತೋಳಿನ ಮೇಲೆ ಎಲ್ಲಾದರೂ ಚರ್ಮದ ಕೆಳಗೆ ಗಟ್ಟಿ ಗಂಟು ಇದೆಯಾ ನೋಡಿ. ಕೂಲಿಂಗ್ ಆದ ಕೆಲವು ಮಕ್ಕಳಲ್ಲಿ ಕೆಲವು ವಾರ ಬಿಟ್ಟು ಬರುತ್ತದೆ.

ಚಿಕ್ಕಮಕ್ಕಳಡಾಕ್ಟ್ರು

ಸಿಸ್ಟರ್ ಹೇಳಿದ ಗಂಟಿನ ವಿಷಯ ಮೊದಲು ನೋಡಿ, ಮಿಕ್ಕಿದ್ದು ಆಮೇಲೆ ಓದಬಹುದು.

ಈಗ ನಿಮ್ಮ ಪ್ರಶ್ನೆ. ಉಸಿರು ಕಟ್ಟಿದಾಗಲೇ ಮೆದುಳಿಗೆ ಆಗಬೇಕಾದ ಪೆಟ್ಟೆಲ್ಲ ಆಗಿಹೋಯಿತು ಅಂತ ಹಿಂದೆ ವೈದ್ಯರೂ ಅಂದುಕೊಂಡಿದ್ದರು. ಹಾಗಲ್ಲ. ಅದು ಎರಡು ಸಲ ಹೊಡೆಯುತ್ತದೆ.

ಮೊದಲನೆಯದು ಆಕ್ಸಿಜನ್, ರಕ್ತ ಸಿಗದೆ ಹೋದ ಹೊತ್ತಿನಲ್ಲಿ. ಮೆದುಳಿನ ಜೀವಕೋಶದಲ್ಲಿ ಶಕ್ತಿ ಖಾಲಿಯಾಗುತ್ತದೆ, ಗ್ಲುಟಮೇಟ್ ಅನ್ನುವ, ಜೀವಕೋಶಗಳನ್ನು ಕೆರಳಿಸುವ ರಾಸಾಯನಿಕ ಹೊರಗೆ ಚೆಲ್ಲುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಮಗುವಿಗೆ ಉಸಿರು ಬಂದು ರಕ್ತ ಓಡಿತು ಅನ್ನಿ, ಜೀವಕೋಶಗಳು ಚೇತರಿಸಿಕೊಂಡ ಹಾಗೆ ಕಾಣುತ್ತವೆ. ಆದರೆ ಅದು ಬೂದಿ ಮುಚ್ಚಿದ ಕೆಂಡ. ಆರು ಗಂಟೆ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳಲು ಶುರುವಾಗುತ್ತದೆ, ಮುಂದಿನ ಒಂದೆರಡು ದಿನ ಉರಿಯುತ್ತದೆ. ಫಿಟ್ಸ್, ಊತ ಎಲ್ಲ ಬರುವುದು ಆಗಲೇ. ಮೊದಲ ಪೆಟ್ಟಿಗೆ ಬದುಕುಳಿದ ಎಷ್ಟೋ ಜೀವಕೋಶ ಈ ಎರಡನೆಯದರಲ್ಲಿ ಸಾಯುತ್ತವೆ.

ನಮಗೆ ಕೈ ಹಾಕಲು ಸಿಗುವುದು ಈ ಎರಡರ ನಡುವಿನ ಬಿಡುವು ಮಾತ್ರ. ಅದಕ್ಕೇ ಹುಟ್ಟಿ ಆರು ಗಂಟೆಯೊಳಗೆ ಕೂಲಿಂಗ್ ಶುರುವಾಗಬೇಕು ಅನ್ನುವುದು. ಮೈ ತಣ್ಣಗಾದರೆ ಮೆದುಳಿನ ಖರ್ಚು ಕಡಿಮೆಯಾಗುತ್ತದೆ, ಗ್ಲುಟಮೇಟ್ ಚೆಲ್ಲುವುದು ತಗ್ಗುತ್ತದೆ, ಉರಿಯೂತ ತಗ್ಗುತ್ತದೆ. ಮೂರು ಗಂಟೆಯೊಳಗೆ ನಿಮ್ಮ ಮಗುವನ್ನು ಸಾಗಿಸಿದ್ದರ ಬೆಲೆ ಈಗ ಗೊತ್ತಾಯಿತಲ್ಲ?

ಬೆಚ್ಚಗಿಡಿ ಅನ್ನುವ ಮಾತೂ ಸುಳ್ಳಲ್ಲ. ತಿಂಗಳು ತುಂಬದ ಮಕ್ಕಳನ್ನು ಸ್ವಲ್ಪ ಬೆಚ್ಚಗಿಟ್ಟರೆ ಜಾಸ್ತಿ ಬದುಕುತ್ತವೆ ಅಂತ ವಿಲಿಯಂ ಸಿಲ್ವರ್‌ಮನ್ ಮತ್ತು ಜೊತೆಗಾರರು 1958ರಲ್ಲಿ ತೋರಿಸಿದರು. ತಮಾಷೆ ನೋಡಿ, ಮರುವರ್ಷವೇ ಸ್ವೀಡನ್‌ನಲ್ಲಿ ವೆಸ್ಟಿನ್ ಅನ್ನುವವರು ಉಸಿರಾಡದ ಮಕ್ಕಳನ್ನು ತಣ್ಣೀರಿನಲ್ಲಿ ಮುಳುಗಿಸಿ ಬದುಕಿಸಿದ್ದನ್ನು ಬರೆದರು. ಗೆದ್ದಿದ್ದು ಬೆಚ್ಚಗಿಡುವ ಮಾತು. ತಣ್ಣಗಿಡುವುದು ಮೂಲೆಗೆ ಹೋಯಿತು. 1997ರಲ್ಲಿ ಆಕ್ಲೆಂಡಿನಲ್ಲಿ ಅಲಿಸ್ಟರ್ ಗನ್ ತಂಡ ಕುರಿಯ ಭ್ರೂಣಗಳ ಮೇಲೆ ಮಾಡಿ ತೋರಿಸಿದ ಮೇಲೆ ಮತ್ತೆ ಜೀವ ಬಂತು. 2005ರಲ್ಲಿ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಸಾವು ಅಥವಾ ಮಧ್ಯಮದಿಂದ ತೀವ್ರ ನ್ಯೂನತೆ ಕಂಡಿದ್ದು ಮಾಮೂಲಿ ಆರೈಕೆಯಲ್ಲಿದ್ದ ಮಕ್ಕಳಲ್ಲಿ 62%, ತಣ್ಣಗಿಟ್ಟವರಲ್ಲಿ 44%. ತುಂಬಾ ಒಳ್ಳೆಯ ಫಲಿತಾಂಶ. ಆದರೂ 44 ಅನ್ನುವುದು ಸಣ್ಣ ಸಂಖ್ಯೆಯಲ್ಲ ಅನ್ನುವುದನ್ನೂ ಮರೆಯಬೇಡಿ.

ಮೊದಲಮಗಳಪ್ಪ

ಡಾಕ್ಟ್ರೇ, ಸಿಸ್ಟರ್, ಈಗಷ್ಟೇ ಅಂಗಿ ಬಿಚ್ಚಿ ನೋಡಿದೆವು. ಎಡ ಭುಜದ ಕೆಳಗೆ, ಬೆನ್ನಿನ ಮೇಲೆ, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾಗಿ ಕೆಂಪಗಿದೆ. ಒತ್ತಿದರೆ ಗಟ್ಟಿ. ನಾಲ್ಕು ದಿನದಿಂದ ಇದೆ, ಏನೋ ಹುಳ ಕಚ್ಚಿರಬೇಕು ಅಂದುಕೊಂಡಿದ್ದೆವು!

ಚಿಕ್ಕಮಕ್ಕಳಡಾಕ್ಟ್ರು

ಅದೇ ಇರಬೇಕು ಅಂತ ಇಲ್ಲಿ ಕೂತು ಹೇಳುವುದು ತಪ್ಪು. ನಾಳೆ ಬೆಳಿಗ್ಗೆಯೇ ನಿಮ್ಮ ಡಾಕ್ಟರ್‌ಗೆ ತೋರಿಸಿ, "ಕೂಲಿಂಗ್ ಆಗಿತ್ತು" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಚರ್ಮದ ಕೆಳಗಿನ ಕೊಬ್ಬು ಹೀಗೆ ಗಟ್ಟಿಯಾದರೆ ಆ ಗಂಟು ತಾನಾಗಿಯೇ ಕರಗುತ್ತದೆ. ಅದರ ಜೊತೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು, ಚಿಂತೆ ಇರುವುದು ಅದರ ಬಗ್ಗೆ. ಒಂದು ರಕ್ತ ಪರೀಕ್ಷೆ ಸಾಕು. ಹಾಲು ಬಿಟ್ಟರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಬೆಳಗಿನವರೆಗೆ ಕಾಯಬೇಡಿ.

ನೇರಮಾತು

ಎಲ್ಲ ಒಂದೇ ಕಡೆಯ ಮಾತಾಯಿತು. ಕೂಲಿಂಗ್ ಮಾಡಿದ ಮಕ್ಕಳೇ ಜಾಸ್ತಿ ಸತ್ತರು ಅಂತ 2021ರ ಪ್ರಯೋಗವೊಂದು ಹೇಳಿದೆ, ಹೀಲಿಕ್ಸ್ ಅಂತ. ಅದರ ಬಗ್ಗೆ ಯಾಕೆ ಯಾರೂ ಬಾಯಿ ಬಿಡುತ್ತಿಲ್ಲ? ಈ ಅಪ್ಪನಿಗೆ ಗೊತ್ತಾಗಬೇಕಲ್ವಾ?

ಚಿಕ್ಕಮಕ್ಕಳಡಾಕ್ಟ್ರು

ಬಿಡುತ್ತೇನೆ, ಮುಚ್ಚಿಡುವಂಥದ್ದು ಏನಿಲ್ಲ. ಹೀಲಿಕ್ಸ್ ನಡೆದಿದ್ದು ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ದೊಡ್ಡ ಆಸ್ಪತ್ರೆಗಳಲ್ಲಿ, 408 ಮಕ್ಕಳ ಮೇಲೆ. ತಣ್ಣಗಿಟ್ಟವರಲ್ಲಿ 42% ಸತ್ತರು, ಇನ್ನೊಂದು ಗುಂಪಿನಲ್ಲಿ 31%. ಯಂತ್ರ ಸರಿ ಇರಲಿಲ್ಲ ಅಂತ ತಳ್ಳಿಹಾಕುವ ಹಾಗೂ ಇಲ್ಲ, ಒಳ್ಳೆಯ ಯಂತ್ರವನ್ನೇ ಬಳಸಿದ್ದರು. ಅಲ್ಲಿನ ಬಹಳ ಮಕ್ಕಳಲ್ಲಿ ಪೆಟ್ಟು ಹೆರಿಗೆಗೂ ಮುಂಚೆಯೇ ಶುರುವಾಗಿ, ನಾನು ಹೇಳಿದ ಆ ಬಿಡುವು ಹುಟ್ಟುವಷ್ಟರಲ್ಲೇ ಮುಗಿದಿರಬಹುದು ಅನ್ನುವುದು ಅನೇಕರ ಅನುಮಾನ. ನನ್ನ ಅನುಮಾನವೂ ಅದೇ.

ಕೂಲಿಂಗ್ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ ಸ್ವಾಮಿ. ಯಾವ ಮಗುವಿಗೆ, ಪೆಟ್ಟು ಬಿದ್ದು ಎಷ್ಟು ಹೊತ್ತಾದ ಮೇಲೆ, ಯಾರ ಕೈಯಲ್ಲಿ ಅಂತ ಕೇಳಬೇಕು. ತಣ್ಣಗಿಡುವುದು ಒಳ್ಳೆಯದಾದರೆ ಇನ್ನೂ ತಣ್ಣಗೆ, ಇನ್ನೂ ಜಾಸ್ತಿ ದಿನ ಇಟ್ಟರೆ ಹೇಗೆ ಅಂತಲೂ ನೋಡಿದ್ದಾರೆ. 32 ಡಿಗ್ರಿಗೆ ಇಳಿಸಿದರು, ಐದು ದಿನ ಇಟ್ಟರು. ಲಾಭವಾಗಲಿಲ್ಲ, ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಜೊತೆಗೆ ಎರಿತ್ರೊಪೊಯೆಟಿನ್ ಅನ್ನುವ, ರಕ್ತಕಣ ಹೆಚ್ಚಿಸುವ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರೆ ಅಂತ 500 ಮಕ್ಕಳ ಮೇಲೆ ನೋಡಿದರು, 2022ರಲ್ಲಿ ಫಲಿತಾಂಶ ಬಂತು, ಅದೂ ಕೈ ಕೊಟ್ಟಿತು. ನಾನೂ ಅದರ ಮೇಲೆ ಆಸೆ ಇಟ್ಟುಕೊಂಡಿದ್ದೆ.

ಓದುವವರು ಯಾರೂ ಮನೆಯಲ್ಲಿ ಮಗುವನ್ನು ತಣ್ಣಗಿಡುವ ಸಾಹಸಕ್ಕೆ ಹೋಗಬೇಡಿ.

ರಾತ್ರಿಪಾಳಿ

ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ಯಂತ್ರ ಎಲ್ಲರ ಕಣ್ಣಿಗೆ ಕಾಣುತ್ತದೆ. ಮಿಕ್ಕ ಕೆಲಸ ಕಾಣುವುದಿಲ್ಲ. ಶುಗರ್ ಬೀಳದ ಹಾಗೆ ನೋಡಬೇಕು. ಫಿಟ್ಸ್ ಹಿಡಿಯಬೇಕು. ಎಳೆ ಮಕ್ಕಳ ಫಿಟ್ಸ್ ಅಂದರೆ ಕೈಕಾಲು ಒದರುವುದೇ ಆಗಬೇಕಿಲ್ಲ. ತುಟಿ ಚಪ್ಪರಿಸುವುದು, ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ಒಂದೇ ಕಡೆ ನೆಟ್ಟ ಕಣ್ಣು, ಅಷ್ಟೇ ಇರಬಹುದು. ಕೆಲವು ಸಲ ಏನೂ ಕಾಣುವುದಿಲ್ಲ, ಎಇಇಜಿ ಗೆರೆ ಮಾತ್ರ ಏರಿರುತ್ತದೆ.

ಇನ್ನು ವೆಂಟಿಲೇಟರ್‌ನಲ್ಲಿ ಉಸಿರು ಜಾಸ್ತಿ ಕೊಟ್ಟರೆ ಒಳ್ಳೆಯದು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಜಾಸ್ತಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ತೀರಾ ಇಳಿದು, ಮೆದುಳಿನ ರಕ್ತನಾಳಗಳೇ ಬಿಗಿದುಕೊಳ್ಳುತ್ತವೆ. ಆಕ್ಸಿಜನ್ನೂ ಹಾಗೆ. ಬೇಕಾದಷ್ಟೇ ಕೊಡಬೇಕು.

ಇಪ್ಪತ್ತೆಂಟುವಾರ

ನನ್ನ ಅವಳಿ ಮಕ್ಕಳು 28 ವಾರಕ್ಕೆ ಹುಟ್ಟಿದ್ದು, ಈಗ ಆರು ವರ್ಷ. ನಿಮ್ಮ ಕಥೆಗೂ ನಮ್ಮದಕ್ಕೂ ಸಂಬಂಧ ಇಲ್ಲ ಅಂದುಕೊಂಡು ಓದಲು ಶುರು ಮಾಡಿದೆ. ಇದೆ ಅನ್ನಿಸಿತು.

ಅಷ್ಟು ಬೇಗ ಹುಟ್ಟಿದವರಿಗೆ ಕೂಲಿಂಗ್ ಮಾಡುವುದಿಲ್ಲ. ಅವರ ಮೆದುಳಿನ ಭಯವೇ ಬೇರೆ, ರಕ್ತಸ್ರಾವ. ಒಳಗಡೆ ರಕ್ತನಾಳಗಳು ಎಷ್ಟು ನವಿರಾಗಿರುತ್ತವೆ ಅಂದರೆ ಬಿಪಿ ಸ್ವಲ್ಪ ಏರಿಳಿದರೂ ಒಡೆಯಬಹುದಂತೆ. ಜಾಸ್ತಿ ಆಗುವುದು ಮೊದಲ ಮೂರು ದಿನದಲ್ಲಿ. ಹಾಗಾಗಿ ನಮ್ಮ ಮಕ್ಕಳ ಪಕ್ಕ ಒಂದು ಚೀಟಿ ಅಂಟಿಸಿದ್ದರು: "ಮೂರು ದಿನ ಮುಟ್ಟುವುದು ಕಡಿಮೆ". ತಲೆ ನೇರವಾಗಿ ನಡುವಿಗೆ. ಡೈಪರ್ ಬದಲಿಸುವಾಗ ಕಾಲನ್ನು ಮೇಲೆತ್ತುತ್ತಿರಲಿಲ್ಲ, ಪಕ್ಕಕ್ಕೆ ಮೆಲ್ಲಗೆ ಹೊರಳಿಸಿ ಜಾರಿಸುತ್ತಿದ್ದರು. ಕಾಲೆತ್ತಿದರೆ ರಕ್ತ ತಲೆ ಕಡೆ ನುಗ್ಗುತ್ತದಂತೆ. ಇನ್ಕ್ಯುಬೇಟರ್ ಬಾಗಿಲನ್ನು ಬೆರಳಿಟ್ಟು ಸದ್ದಾಗದ ಹಾಗೆ ಮುಚ್ಚುತ್ತಿದ್ದರು. ಆ ಬೆರಳು ನನಗೆ ಇವತ್ತಿಗೂ ನೆನಪಿದೆ.

ಹೆರಿಗೆಗೆ ಮುಂಚೆ ನನಗೆ ಎರಡು ಇಂಜೆಕ್ಷನ್ ಸ್ಟೀರಾಯ್ಡ್, ಆಮೇಲೆ ಮೆಗ್ನೀಸಿಯಂ ಸಲ್ಫೇಟ್ ಡ್ರಿಪ್. ಮೆಗ್ನೀಸಿಯಂ ಹೋಗುವಾಗ ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಬಿಸಿ. ಡಾಕ್ಟರನ್ನು ಬೈದಿದ್ದೆ. ಅದು ನನಗಲ್ಲ, ಮಕ್ಕಳ ಮೆದುಳಿಗೆ ಅಂತ ಆಮೇಲೆ ಗೊತ್ತಾಯಿತು.

ಚಿಕ್ಕಮಕ್ಕಳಡಾಕ್ಟ್ರು

ಬೈದಿದ್ದು ಪರವಾಗಿಲ್ಲ ಬಿಡಿ, ಎಲ್ಲರೂ ಬೈಯುತ್ತಾರೆ. ತುಂಬಾ ಬೇಗ ಹೆರಿಗೆ ಆಗುವಂತಿದ್ದರೆ ತಾಯಿಗೆ ಕೊಡುವ ಮೆಗ್ನೀಸಿಯಂ ಸೆರೆಬ್ರಲ್ ಪಾಲ್ಸಿ (ಮೆದುಳಿನ ಪೆಟ್ಟಿನಿಂದ ಮೈಯ ಚಲನೆಗೆ ಬರುವ ತೊಂದರೆ) ಅಪಾಯವನ್ನು ಸುಮಾರು ಮೂರನೇ ಒಂದು ಭಾಗ ಇಳಿಸುತ್ತದೆ. ಸ್ಟೀರಾಯ್ಡ್ ಶ್ವಾಸಕೋಶಕ್ಕೆ ಅಂತ ಶುರುವಾಗಿದ್ದು, ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ಬರೆದದ್ದು. ಅದು ಮೆದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ.

ನಿಮ್ಮ ಮಕ್ಕಳಿಗೆ ಕೆಫೀನ್ ಕೊಟ್ಟಿರಬೇಕಲ್ಲ? ಉಸಿರು ನಿಲ್ಲದಿರಲಿ ಅಂತ ಕೊಡುವುದು. ಎರಡು ಸಾವಿರ ಮಕ್ಕಳ ಮೇಲೆ ನೋಡಿದಾಗ, ಒಂದೂವರೆ ವರ್ಷ ದಾಟುವ ಹೊತ್ತಿಗೆ ಸೆರೆಬ್ರಲ್ ಪಾಲ್ಸಿ 7.3% ಇದ್ದದ್ದು 4.4%ಗೆ ಇಳಿದಿತ್ತು.

ಇಪ್ಪತ್ತೆಂಟುವಾರ

ಕೊಟ್ಟಿದ್ದರು! ದೊಡ್ಡವರಿಗೆ ನಿದ್ದೆಗೆಡಿಸುವ ವಸ್ತು ಇವರಿಗೆ ಯಾಕೆ ಅಂತ ಜಗಳಕ್ಕೆ ನಿಂತಿದ್ದೆ ಅದಕ್ಕೂ.

ಏಳನೇತಿಂಗಳು

ನನಗೀಗ ಏಳು ತಿಂಗಳು. ಇದನ್ನೆಲ್ಲ ಓದಿ ಎದೆ ಡವಡವ ಅಂತಿದೆ. ನಾನು ಮೊದಲೇ ಕೇಳಿಟ್ಟುಕೊಳ್ಳಬಹುದಾದದ್ದು ಏನಾದರೂ ಇದೆಯಾ? ಭಯಪಡಿಸಬೇಡಿ ಪ್ಲೀಸ್.

ರಾತ್ರಿಪಾಳಿ

ಭಯ ಬೇಡಮ್ಮಾ. ಹತ್ತರಲ್ಲಿ ಒಂಬತ್ತು ಮಕ್ಕಳು ಯಾರ ಸಹಾಯವೂ ಇಲ್ಲದೆ ತಾವೇ ಉಸಿರಾಡುತ್ತಾರೆ. ಉಳಿದವರಲ್ಲೂ ಬಹಳಷ್ಟಕ್ಕೆ ಒರೆಸಿ, ಬೆನ್ನು ಉಜ್ಜಿದರೆ ಸಾಕಾಗುತ್ತದೆ.

ನೀವು ಹೆರಿಗೆ ಮಾಡಿಸಿಕೊಳ್ಳುವ ಕಡೆ ಹೀಗೆ ಕೇಳಿ: "ಮಗು ಅಳದಿದ್ದರೆ ಮಾಸ್ಕ್ ಇಟ್ಟು ಉಸಿರು ಕೊಡಲು ಗೊತ್ತಿರುವವರು ಆ ಹೊತ್ತಿಗೆ ರೂಮಿನಲ್ಲೇ ಇರುತ್ತಾರಾ?" ಕರೆದರೆ ಬರುತ್ತಾರೆ ಅನ್ನುವುದು ಸಾಲದು. ಮೊದಲ ಒಂದು ನಿಮಿಷದ ಬೆಲೆ ಆಮೇಲಿನ ಯಾವ ಯಂತ್ರಕ್ಕೂ ಇಲ್ಲ. ಹೊಟ್ಟೆಯಲ್ಲಿ ಮಗುವಿನ ಆಟ ಕಡಿಮೆ ಅನ್ನಿಸಿದರೆ ಆವತ್ತೇ ಹೋಗಿ ತೋರಿಸಿ, ನಾಳೆ ನೋಡೋಣ ಅನ್ನಬೇಡಿ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ಬಿಟ್ಟು ಕತ್ತರಿಸಲು ಹೇಳಿ. ವಿಟಮಿನ್ ಕೆ ಇಂಜೆಕ್ಷನ್ ಬೇಡ ಅನ್ನಬೇಡಿ. ಅದಿಲ್ಲದಿದ್ದರೆ ಕೆಲವು ವಾರ ಬಿಟ್ಟು, ನಗುತ್ತಿದ್ದ ಮಗುವಿಗೆ ಇದ್ದಕ್ಕಿದ್ದ ಹಾಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಒಂದು ಚುಚ್ಚು ಅಷ್ಟೇ.

ಸಕ್ಕರೆ ಕಾಯಿಲೆ ಇರುವ ತಾಯಿಯ ಮಗು, ತೂಕ ಕಡಿಮೆ ಇರುವ ಮಗು ಆದರೆ ಮೊದಲ ದಿನ ಶುಗರ್ ನೋಡಬೇಕು. ಇಳಿದಿದ್ದರೆ ಈಗ ಗ್ಲೂಕೋಸ್ ಜೆಲ್ಲನ್ನು ಕೆನ್ನೆಯ ಒಳಗೆ ಸವರಿ, ಎದೆಹಾಲು ಕುಡಿಸಿ, ಮತ್ತೆ ನೋಡುತ್ತಾರೆ. ಎಷ್ಟೋ ಮಕ್ಕಳನ್ನು ಅಮ್ಮನಿಂದ ದೂರ ಮಾಡದೆ ಸರಿಹೋಗುತ್ತದೆ.

ಹಳೇಓದುಗ

ಕಾಮಾಲೆ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮೂವರಿಗೂ ಬಂದಿತ್ತು, ಕಿಟಕಿ ಹತ್ತಿರ ಬಿಸಿಲಿಗೆ ಹಿಡಿದೆವು, ಹೋಯಿತು. ಅದಕ್ಕೂ ಮೆದುಳಿಗೂ ಏನು ಸಂಬಂಧ ಅಂತ?

ಚಿಕ್ಕಮಕ್ಕಳಡಾಕ್ಟ್ರು

ಸಂಬಂಧ ಇದೆ ಸರ್. ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮಿತಿ ಮೀರಿದರೆ ಮೆದುಳಿನ ಒಳಭಾಗಕ್ಕೆ ಇಳಿಯುತ್ತದೆ. ಕಿವಿ ಹೋಗಬಹುದು, ಕೈಕಾಲಿನ ಹತೋಟಿ ತಪ್ಪಬಹುದು. ಪೂರ್ತಿ ತಡೆಯಬಹುದಾದ ಪೆಟ್ಟು ಅದು, ಹಾಗಾಗಿ ನೋಡಿದಾಗ ಜಾಸ್ತಿ ಸಿಟ್ಟು ಬರುತ್ತದೆ.

ಬಿಸಿಲಿನ ಕಥೆಯಲ್ಲಿ ಸತ್ಯ ಇಲ್ಲದಿಲ್ಲ. 1956ರಲ್ಲಿ ಇಂಗ್ಲೆಂಡಿನ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅಂತ ಒಬ್ಬರು ಮಕ್ಕಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ದಿನ ಮಗುವಿನ ಬಟ್ಟೆ ಸರಿಸಿ ಡಾಕ್ಟರ್‌ಗೆ ತೋರಿಸಿದರು. ಮೈ ಬಿಳಿಚಿತ್ತು, ಬಟ್ಟೆಯ ಮೂಲೆ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಹಳದಿಯಾಗಿ ಉಳಿದಿತ್ತು. ಫೋಟೊಥೆರಪಿ, ಅಂದರೆ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಆದರೆ ಕೆಲಸ ಮಾಡುವುದು ಬೆಳಕಿನ ನೀಲಿ ಭಾಗ. ಕಿಟಕಿ ಬಿಸಿಲಿನಲ್ಲಿ ಅದು ಎಷ್ಟು ಸಿಕ್ಕಿತು ಅಂತ ಲೆಕ್ಕ ಇಡೋಕಾಗಲ್ಲ. ನಿಮ್ಮ ಮೂವರದ್ದು ತಾನಾಗಿಯೇ ಇಳಿಯುವ ಕಾಮಾಲೆಯಾಗಿದ್ದಿರಬೇಕು. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದ ಮಗು, ಅಂಗಾಲವರೆಗೆ ಹಳದಿ ಇಳಿದ ಮಗು, ಹಾಲು ಬಿಟ್ಟು ಮಂಕಾದ ಮಗು ಕಿಟಕಿ ಹತ್ತಿರ ಇರಬಾರದು. ಆಸ್ಪತ್ರೆಯಲ್ಲಿರಬೇಕು.

ಮೊದಲಮಗಳಪ್ಪ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಗಂಟು ಅದೇ. ಕ್ಯಾಲ್ಸಿಯಂ ಸ್ವಲ್ಪ ಏರಿತ್ತು. ವಿಟಮಿನ್ ಡಿ ಹನಿಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ವಾರಕ್ಕೊಮ್ಮೆ ರಕ್ತ ನೋಡುತ್ತಾರೆ. ಸಿಸ್ಟರ್, ನಿಮಗೆ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇನ್ನೊಂದು ಕೇಳುತ್ತೇನೆ. ಹೆಂಡತಿ ರಾತ್ರಿಯೆಲ್ಲ ಒಂದೇ ಮಾತು. ನೋವು ಬಂದಾಗ ಇನ್ನೊಂದು ಗಂಟೆ ಮೊದಲೇ ಹೋಗಿದ್ದರೆ ಅಂತ. ನಾನು ಏನು ಹೇಳಲಿ?

ಇಪ್ಪತ್ತೆಂಟುವಾರ

ಏನೂ ಹೇಳಬೇಡಿ ಅಣ್ಣ. ನನ್ನ ಗಂಡ ದಿನಾ "ನಿನ್ನ ತಪ್ಪಲ್ಲ" ಅಂತ ಹೇಳುತ್ತಿದ್ದರು, ಕೇಳಿ ಕೇಳಿ ತಪ್ಪೇ ಇರಬೇಕು ಅನ್ನಿಸಿಬಿಟ್ಟಿತ್ತು. ಮಗುವನ್ನು ಅವರ ಎದೆ ಮೇಲೆ ಮಲಗಿಸಿ, ಮೈಗೆ ಮೈ ತಾಗುವ ಹಾಗೆ. ಮೂರು ದಿನ ದೂರ ಇದ್ದರಲ್ಲ, ಅದು ಸುಮ್ನೆ ಹೋಗುವುದಿಲ್ಲ. ನಿದ್ದೆಯೇ ಬರದಿದ್ದರೆ, ಊಟವೇ ಸೇರದಿದ್ದರೆ ಅವರ ಡಾಕ್ಟರ್‌ಗೂ ಒಂದು ಮಾತು ಹಾಕಿ. ನಾನು ಎಂಟು ತಿಂಗಳು ತಡ ಮಾಡಿದೆ.

ಚಿಕ್ಕಮಕ್ಕಳಡಾಕ್ಟ್ರು

ನೋವಿನ ಮೊದಲ ಎಂಟು ಗಂಟೆ ಎದೆಬಡಿತ ಸರಿ ಇತ್ತು ಅಂತ ನೀವೇ ಬರೆದಿದ್ದೀರಿ. ಒಂದು ಗಂಟೆ ಮೊದಲು ಹೋಗಿದ್ದರೂ ಅವರು ನೋಡುತ್ತಿದ್ದದ್ದು ಅದೇ ಸರಿ ಇದ್ದ ಎದೆಬಡಿತವನ್ನು. ಇದನ್ನು ಅವರಿಗೆ ಓದಿ ಹೇಳಿ ಬೇಕಾದರೆ.

ಚಲನೆ

ನಾನು ಮಕ್ಕಳ ಫಿಸಿಯೊಥೆರಪಿಸ್ಟ್. ಮುಂದೇನು ನೋಡಬೇಕು ಅನ್ನುವುದಕ್ಕೆ ನನ್ನ ಪಾಲು.

"ನಡೆಯುವ ವಯಸ್ಸಿನವರೆಗೆ ಕಾದು ನೋಡೋಣ" ಅನ್ನುವ ಕಾಲ ಮುಗಿದಿದೆ. ಮೂರರಿಂದ ಐದು ತಿಂಗಳ ನಡುವೆ ಮಕ್ಕಳ ಮೈಯಲ್ಲಿ ಒಂದು ಬಗೆಯ ಚಲನೆ ಇರುತ್ತದೆ. ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಪಾದದ ಕೀಲು, ಎಲ್ಲ ಕಡೆ ಪುಟ್ಟ ಪುಟ್ಟದಾಗಿ, ಒಂದೇ ದಿಕ್ಕಿಗಲ್ಲದೆ, ಕುಣಿದ ಹಾಗೆ. ಅದು ಇದೆಯಾ ಇಲ್ಲವಾ ಅನ್ನುವುದರಿಂದ ಮುಂದೆ ಚಲನೆಯ ತೊಂದರೆ ಬರಬಹುದಾ ಅಂತ ಬಹಳ ಮುಂಚೆಯೇ ಅಂದಾಜು ಸಿಗುತ್ತದೆ. ಪ್ರೆಕ್ಟಲ್ ಅನ್ನುವವರ ಹೆಸರಿನಲ್ಲಿ ಈ ಪರೀಕ್ಷೆ ಇದೆ. ಯಂತ್ರ ಬೇಡ, ಮೊಬೈಲ್ ವಿಡಿಯೊ ಸಾಕು, ನೋಡುವ ಕಣ್ಣು ಮಾತ್ರ ಕಲಿತದ್ದಿರಬೇಕು. ಅಂದಾಜು ಸಿಕ್ಕರೆ ತರಬೇತಿ ಆಗಲೇ ಶುರು ಮಾಡಬಹುದು.

ಅದಕ್ಕಿಂತ ಮುಂಚೆ, ಕಿವಿ ಪರೀಕ್ಷೆ ಆಗದಿದ್ದರೆ ಮಾಡಿಸಿ. ತಲೆಯ ಸುತ್ತಳತೆ ಪ್ರತಿ ಭೇಟಿಯಲ್ಲೂ ಅಳೆದು ಬರೆಸಿ. ಯಾವಾಗಲೂ ಒಂದು ಕೈ ಮಾತ್ರ ಮುಷ್ಟಿ ಕಟ್ಟಿದ್ದರೆ, ಒಂದೇ ಕಡೆ ಮಾತ್ರ ಆಡಿಸುತ್ತಿದ್ದರೆ ಬಂದು ತೋರಿಸಿ. ಅತ್ತರೆ ಜೋರಾಗಿ ಕುಲುಕಬೇಡಿ, ಯಾರ ಕೈಗೂ ಹಾಗೆ ಬಿಡಬೇಡಿ. ಕುತ್ತಿಗೆ ನಿಲ್ಲದ ಮಗುವಿನ ಮೆದುಳಿಗೆ ಅದೂ ಪೆಟ್ಟೇ. ತಾಳ್ಮೆ ಕೆಟ್ಟರೆ ಮಲಗಿಸಿ ಐದು ನಿಮಿಷ ಆಚೆ ಹೋಗಿ.

ಹದಿಮೂರನೇ ವಾರಕ್ಕೆ ಒಂದು ವಿಡಿಯೊ ಮಾಡಿ ನಿಮ್ಮ ಆಸ್ಪತ್ರೆಗೆ ಒಯ್ಯಿರಿ.

ಮೊದಲಮಗಳಪ್ಪ

ಎರಡು ತಿಂಗಳಾಯಿತು, ಮತ್ತೆ ಬಂದೆ. ಗಂಟು ಕರಗಿದೆ, ಕ್ಯಾಲ್ಸಿಯಂ ಸರಿಯಾಗಿದೆ. ಕಿವಿ ಪಾಸ್. ನಿನ್ನೆ ವಿಡಿಯೊ ಮಾಡಿದೆ. ಹನ್ನೆರಡು ನಿಮಿಷ ಇದೆ. ಚೆನ್ನಾಗಿ ಕೈಕಾಲು ಆಡಿಸಿದ್ದಾಳೆ, ನಾನು ಕರೆದಾಗೆಲ್ಲ ತಿರುಗಿ ನಕ್ಕಿದ್ದಾಳೆ. ಇದು ಸಾಕಾ?

ಚಲನೆ

ನಗುವ ವಿಡಿಯೊ ಮನೆಗೆ ಇಟ್ಟುಕೊಳ್ಳಿ ಸರ್, ಪರೀಕ್ಷೆಗೆ ಆಗುವುದಿಲ್ಲ. ಯಾರನ್ನಾದರೂ ನೋಡಿ ಖುಷಿಪಟ್ಟಾಗ ಚಲನೆ ಬೇರೆಯಾಗುತ್ತದೆ. ಇನ್ನೊಮ್ಮೆ ಮಾಡಿ. ಹಾಲು ಕುಡಿದು, ಎಚ್ಚರವಾಗಿ, ಅಳದೆ ಇರುವಾಗ. ಬೆನ್ನ ಮೇಲೆ ಮಲಗಿಸಿ. ಆಟಿಕೆ ಬೇಡ. ಕಾಲುಚೀಲ ತೆಗೆಯಿರಿ, ಕೈಕಾಲು ಪೂರ್ತಿ ಕಾಣಬೇಕು. ಮೂರರಿಂದ ಐದು ನಿಮಿಷ ಸಾಕು. ಅಷ್ಟು ಹೊತ್ತು ನೀವು ಮಾತಾಡಬಾರದು.

ಮೊದಲಮಗಳಪ್ಪ

ಕಾಲುಚೀಲ ತೆಗೆಯುತ್ತೇನೆ. ಮಾತಾಡದೆ ಇರೋದು ಕಷ್ಟ. ಹೆಂಡತಿ ಕೈಗೆ ಫೋನ್ ಕೊಟ್ಟು ನಾನು ಆಚೆ ಹೋಗಿ ನಿಲ್ಲುತ್ತೇನೆ.